ಸೀಮೆಸುಣ್ಣದ ಇಪ್ಪತ್ತೈದು ಮನೆ

ತಾಯಿ ಬನಶಂಕರಿ,

ಪಾಳಿ ಹೊಂಡದ ಕಟ್ಟೆಯ ತನಕ ಬೆಳೆದಿದೆ. ಬಿಸಿಲು ಇನ್ನೂ ಏರಿಲ್ಲ. ನನ್ನ ಬಗಲಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಕಾಯಿ, ಕರ್ಪೂರ, ಗುಳೇದಗುಡ್ಡದ ಹಸಿರು ಖಣದ ಜೊತೆ ಇದನ್ನೂ ನಿನ್ನ ಮುಂದೆ ಒಂದು ಗಳಿಗೆ ಇಟ್ಟು, ಕುಂಕುಮ ಹಚ್ಚಿಸಿಕೊಂಡು ಹೋಗಬೇಕೆಂದು ತಂದಿದ್ದೇನೆ. ಏನಿದೆ ಇದರಲ್ಲಿ ಎಂದು ಪೂಜಾರರು ಕೇಳಿಯೇ ಕೇಳುತ್ತಾರೆ. ಅವರಿಗೆ ಹೇಳುವ ಮುಂಚೆ ನಿನಗೆ ಹೇಳಬೇಕು. ಇದರಲ್ಲಿ ನನ್ನದೊಂದು ತಪ್ಪೂ ಇದೆ.

ನಿನ್ನ ಕಥೆಯನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ನೂರು ವರ್ಷ ಮಳೆಯಿಲ್ಲದೆ ನೆಲ ಬಾಯಿ ಬಿಟ್ಟಾಗ ನೀನು ಬಂದೆ. ಬಂದವಳು ಮೊದಲು ನೋಡಿದೆ. ಮೈಯೆಲ್ಲ ಕಣ್ಣಾಗಿ, ಶತಾಕ್ಷಿಯಾಗಿ, ಜೀವಿಗಳ ಸಂಕಟ ಕಂಡು ಒಂಬತ್ತು ಹಗಲು ಒಂಬತ್ತು ರಾತ್ರಿ ಅತ್ತೆ. ಆ ಕಣ್ಣೀರೇ ಮಳೆಯಾಗಿ ಹೊಳೆ ತುಂಬಿತು ಎನ್ನುತ್ತದೆ ಪುರಾಣ. ಆಮೇಲೆ ನಿನ್ನ ಮೈಯಿಂದಲೇ ಸೊಪ್ಪು, ಕಾಯಿ, ಗೆಡ್ಡೆ ಹುಟ್ಟಿಸಿ ಉಣಬಡಿಸಿ ಶಾಕಾಂಬರಿಯಾದೆ. ಅದರ ನೆನಪಿಗೆ ಪಲ್ಲೇದ ಹಬ್ಬದ ದಿನ ನಿನಗೆ 108 ಬಗೆಯ ಪಲ್ಯದ ನೈವೇದ್ಯ ಆಗುತ್ತದೆ.

ಅಳುವುದನ್ನೂ ಉಣಿಸುವುದನ್ನೂ ನಿನ್ನಿಂದ ಕಲಿತೆವು. ಆದರೆ ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಈ ಜನ ಊರಿಗೆ ತಿರುಗುವುದಿಲ್ಲ. ಬಯಲಲ್ಲಿ ನಾಟಕ ಕಂಪನಿಗಳು ಡೇರೆ ಹೊಡೆದಿರುತ್ತವೆ. ರಾತ್ರಿ ಒಂದಾಟ ಮುಗಿದ ಮೇಲೆ ಇನ್ನೊಂದಾಟ. ನಾಟಕದವರು ನಿನ್ನ ಜಾತ್ರೆಯನ್ನು ನಂಬಿಯೇ ವರ್ಷದ ಲೆಕ್ಕ ಹಾಕುತ್ತಾರೆ. ಮಳೆ ಕೈಕೊಟ್ಟು ಬಿಳಿಜೋಳ ಮೊಣಕಾಲೆತ್ತರ ಏಳದ ವರ್ಷವೂ ನಮ್ಮಪ್ಪ ನಮ್ಮನ್ನು ಚಕ್ಕಡಿಯಲ್ಲಿ ಕೂಡಿಸಿಕೊಂಡು ನಾಟಕಕ್ಕೆ ಬರುತ್ತಿದ್ದ. ಉಣ್ಣಲಿಕ್ಕೆ ಇಲ್ಲದ ವರ್ಷ ನಾಟಕ ಯಾಕೆ ಎಂದು ಅವ್ವ ಒಮ್ಮೆಯೂ ಕೇಳಲಿಲ್ಲ. ಅದು ದೊಡ್ಡವಳಾದ ಮೇಲೆ ನನಗೆ ಸೋಜಿಗ ಅನ್ನಿಸುತ್ತಿತ್ತು. ಹಸಿವಿನ ದೇವತೆಯ ಅಂಗಳದಲ್ಲೇ ನಾಟಕ ಯಾಕೆ ಬೇರುಬಿಟ್ಟಿತು ಎಂಬುದು 2019ರ ತನಕ ನನ್ನ ತಲೆಗೆ ಹೊಳೆದಿರಲಿಲ್ಲ.

ಆ ವರ್ಷ ಆಗಸ್ಟ್ 5, ಸೋಮವಾರ, ಪಂಚಮಿ. ನಿನಗೆ ನೆನಪಿದೆ. ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿದ್ದರು. ಊರ ಮುಂದಿನ ಬೇವಿನ ಗಿಡಕ್ಕೆ ಜೋಕಾಲಿ ಬಿದ್ದಿತ್ತು. ಮನೆಮನೆಯ ಡಬ್ಬಿಗಳಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು. ಗಂಡುಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಆಡಿಸುತ್ತಿದ್ದರು. ಮೇಲೆ ಬೆಳಗಾವಿ ಕಡೆ ಮಳೆ ಸುರಿಯುತ್ತಲೇ ಇತ್ತು. ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಬಿಟ್ಟರು. ಹಬ್ಬದ ಉಂಡಿ ಮುಗಿಯುವ ಮುಂಚೆಯೇ ಮಲಪ್ರಭೆ ಊರೊಳಗೆ ಬಂದಳು. ಪಟ್ಟದಕಲ್ಲಿನ ಗುಡಿಗಳ ಅಂಗಳವನ್ನೂ ಬಿಡಲಿಲ್ಲ ಅವಳು. ನಾವು ಮಣ್ಣಿನ ಗೋಡೆಯವರು, ನಮ್ಮದೇನು.

ನಮ್ಮ ಶಾಲೆ ಮಡ್ಡಿಯ ಮೇಲಿದೆ. ಅದೇ ಗಂಜಿ ಕೇಂದ್ರವಾಯಿತು. 6 ಕೋಣೆ, 140 ಜನ. ಓಡಿ ಬರುವಾಗ ಜನ ಏನು ಹಿಡಿದುಕೊಂಡು ಬಂದರು ಎಂಬುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಪಂಚಮಿಯ ಉಂಡಿ ಡಬ್ಬಿಗಳನ್ನು ಎದೆಗವಚಿಕೊಂಡು ಬಂದವರೇ ಹೆಚ್ಚು. ಮೊದಲ ರಾತ್ರಿ ಎಲ್ಲರೂ ಉಂಡದ್ದು ಹಬ್ಬದ ಉಂಡಿಯನ್ನೇ, ತಾಯಿ. ಒಬ್ಬ ಮಾತ್ರ ಹಾರ್ಮೋನಿಯಂ ಪೇಟಿ ಹೊತ್ತು ಬಂದ. ಭಜನೆ ಮೇಳದವನು. ಮನೆಯಲ್ಲಿ ಅರ್ಧ ಚೀಲ ಜೋಳ ಬಿಟ್ಟು ಪೇಟಿ ಹೊತ್ತು ಬಂದಿದ್ದಕ್ಕೆ ಅವನ ಹೆಂಡತಿ ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ನಾನೂ ಮನಸ್ಸಿನಲ್ಲಿ ಅವಳ ಪಕ್ಷವೇ.

ಕಚೇರಿಗೆ ಕಳಿಸುವ ಪಟ್ಟಿ ನಾನೇ ಬರೆದೆ. ಅಕ್ಕಿ, ತೊಗರಿಬೇಳೆ, ಎಣ್ಣೆ, ಚಾಪೆ, ಹೊದಿಕೆ, ಮೇಣದಬತ್ತಿ, ಹಾಲಿನಪುಡಿ, ಜ್ವರದ ಗುಳಿಗೆ, ಹೆಣ್ಣುಮಕ್ಕಳ ಪ್ಯಾಡು. ಏನೂ ಬಿಟ್ಟಿಲ್ಲ ಎಂದು ಎರಡು ಸಲ ಓದಿ ತಲಾಟಿಯವರ ಕೈಗೆ ಕೊಟ್ಟೆ.

ಮೂರನೆಯ ರಾತ್ರಿ ನಡೆದದ್ದನ್ನು ಹೇಳಲಿಕ್ಕೇ ನಾನು ಇಲ್ಲಿ ನಿಂತಿರುವುದು. ಕರೆಂಟ್ ಇರಲಿಲ್ಲ. ಅವತ್ತು ಸಂಜೆ ಇನ್ನೂ ಎರಡು ಮನೆ ಕುಸಿದ ಸುದ್ದಿ ಬಂದಿತ್ತು. ನಾಲ್ಕನೇತ್ತೆ ಕೋಣೆಯಿಂದ ನಗುವ ಸಪ್ಪಳ ಕೇಳಿಸಿತು. ಹೋಗಿ ನೋಡಿದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದಿದ್ದರು. ಐದೈದಲ ಇಪ್ಪತ್ತೈದು ಮನೆ. ಕವಡೆ ಎಲ್ಲಿಂದ ಬರಬೇಕು, ಹುಣಸೆಬೀಜವನ್ನು ಮೆಟ್ಟಿಲಿನ ಕಲ್ಲಿಗೆ ತೇಯ್ದು ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಂಡಿದ್ದರು. ಬಳೆಚೂರು, ಅಂಗಿಯ ಗುಂಡಿ, ಗೋಡೆಯಿಂದ ಕಿತ್ತ ಸಣ್ಣ ಹಳ್ಳು, ಇವೇ ಕಾಯಿ. ಒಬ್ಬ ಮುದುಕಿ, ಇಬ್ಬರು ತವರಿಗೆ ಬಂದ ಹೆಣ್ಣುಮಕ್ಕಳು, ಒಬ್ಬಳು ನನ್ನದೇ ವಿದ್ಯಾರ್ಥಿನಿ. ಮುದುಕಿಗೆ ಬಾರ ಬಿದ್ದು, ಆಕೆ ಎದುರಿನವಳ ಕಾಯಿ ಕಡಿದು, ಆ ಹುಡುಗಿಯ ಕಾಯಿ ಮತ್ತೆ ಮೊದಲ ಮನೆಗೆ ಹೋಗಿತ್ತು. ಅದಕ್ಕೆ ಆ ನಗು.

ನನಗೆ ಸಿಟ್ಟು ಬಂತು. ದಣಿದಿದ್ದೆ, ನಿದ್ದೆ ಇರಲಿಲ್ಲ, ಅದೆಲ್ಲ ಖರೆ. ಆದರೆ ನಿನ್ನ ಮುಂದೆ ನೆವ ಹೇಳುವುದಿಲ್ಲ. “ಊರ ಮುಳುಗೇತಿ, ನಿಮಗ ಆಟ ಬೇಕಾತೇನು? ನೋಡಿದವರು ಏನಂದಾರು?” ಅಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಕಾಲಿನಿಂದ ಆ ಗೆರೆಗಳನ್ನು ಒರೆಸಿಬಿಟ್ಟೆ.

ಮನೆ ಕಳೆದುಕೊಂಡು ಬಂದವರು ಬರೆದುಕೊಂಡ ಇಪ್ಪತ್ತೈದು ಮನೆಯನ್ನು ಕಾಲಿನಿಂದ ಒರೆಸಿದೆ, ತಾಯಿ. ಇದು ನನ್ನ ನಿವೇದನೆ.

ಯಾರೂ ಎದುರಾಡಲಿಲ್ಲ. ಶಾಲೆ ನನ್ನದು, ನೆಲ ನನ್ನದು, ಚಾಕ್‌ಪೀಸೂ ನನ್ನ ಮೇಜಿನಿಂದ ತೆಗೆದದ್ದು. ಹುಡುಗಿ ಹುಣಸೆಬೀಜ ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವತ್ತು ರಾತ್ರಿ ಆ ಕೋಣೆ ನಿಶ್ಶಬ್ದವಾಗಿತ್ತು. ನಡುರಾತ್ರಿ ಮಕ್ಕಳು ಒಂದರ ಹಿಂದೆ ಒಂದು ಎದ್ದು ಅತ್ತವು.

ಬೆಳಗ್ಗೆ ಮುದುಕಿ ನನ್ನ ಕೋಣೆಯ ಬಾಗಿಲಿಗೆ ಬಂದಳು. ಸೆರಗು ಹೊದ್ದು, ಕೈ ಚಾಚಿ, “ಅಕ್ಕೋರ, ಒಂದ ಚಾಕ್‌ಪೀಸ್ ಕೊಡ್ರಿ. ಮನಿ ಬರೀಬೇಕು” ಅಂದಳು.

ನಾನು ಸುಮ್ಮನೆ ನಿಂತೆ. ಆಕೆಯೇ ಮಾತು ಮುಂದುವರಿಸಿದಳು. “ಅಳಾಕ ರಾತ್ರಿ ಬೇಕಾದಷ್ಟು ಉಳಿತೈತ್ರಿ, ಎಲ್ಲಾರೂ ಮಲಗಿದ ಮ್ಯಾಲ ಅಳತೀವಿ. ಹಗಲೆಲ್ಲ ಹುಡುಗೂರ ಮುಂದ ಅಳಕೋಂತ ಕುಂತರ, ಅವಕ್ಕ ನಾವೂ ಬಿದ್ದ ಮನಿ ಕಂಡಂಗ ಕಾಣತೀವ್ರಿ.”

ಚಾಕ್‌ಪೀಸಿನ ಇಡೀ ಪೊಟ್ಟಣ ಕೊಟ್ಟೆ. ಅದು ಪ್ರಾಯಶ್ಚಿತ್ತ ಆಗಲಿಲ್ಲ ಎಂದು ಗೊತ್ತು. ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ, ಎದುರಿಗೆ ಸಿಕ್ಕರೆ ನಗುತ್ತಾಳೆ, ನನಗೆ ಮಾತ್ರ ಆ ಮುಷ್ಟಿ ಕಾಣುತ್ತದೆ.

ಚೌಕಾಬಾರದಲ್ಲಿ ಕಾಟು ಹಾಕಿದ ಮನೆ ಇರುತ್ತದಲ್ಲ, ಅಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವ ಹಾಗಿಲ್ಲ. ನಡುವಿನ ಮನೆ ಸೇರಿದರೆ ಕಾಯಿ ಹಣ್ಣಾಯಿತು ಎನ್ನುತ್ತಾರೆ. ಈ ಮಾತುಗಳನ್ನು ಚಿಕ್ಕಂದಿನಿಂದ ಆಡಿದ್ದೇನೆ, ಅವುಗಳ ಒಳಗೆ ಏನಿದೆ ಎಂದು ಆ ವಾರ ಕಂಡೆ. ಕಡಿಸಿಕೊಂಡ ಕಾಯಿ ಸತ್ತುಹೋಗುವುದಿಲ್ಲ. ಮೊದಲ ಮನೆಯಿಂದ ಮತ್ತೆ ಹೊರಡುತ್ತದೆ. ಅದನ್ನು ಆ ಹೆಣ್ಣುಮಕ್ಕಳಿಗೆ ನಾನು ಭಾಷಣ ಮಾಡಿ ಹೇಳಿದ್ದರೆ ಎದ್ದು ಹೋಗುತ್ತಿದ್ದರು. ಹುಣಸೆಬೀಜ ಹೇಳಿದರೆ ಕೇಳುತ್ತಿದ್ದರು.

ಐದನೆಯ ರಾತ್ರಿ ಪೇಟಿಯವನು ಪೇಟಿ ಬಿಚ್ಚಿದ. ತಿದಿಗೆ ನೀರು ಹೊಕ್ಕಿತ್ತು. ಎರಡು ದಿನ ಒಲೆಯ ಹತ್ತಿರ ಇಟ್ಟು ಒಣಗಿಸಿದ್ದ. ಮೂರು ಸ್ವರ ಬಾಯಿಯೇ ಬಿಡಲಿಲ್ಲ. ಆ ಮೂರು ಬಂದಾಗ ಅವನು ಬಾಯಿಂದ ಹಾಡಿ ತುಂಬಿಸುತ್ತಿದ್ದ, ಆಮೇಲೆ ಕೂತವರೆಲ್ಲ ತುಂಬಿಸತೊಡಗಿದರು. ಶರೀಫರ ಪದ, ಬೀಸುಕಲ್ಲಿನ ಪದ, ಯಾವುದೋ ಹಳೆಯ ಕಂಪನಿ ನಾಟಕದ ರಂಗಗೀತೆ. ಅವನ ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ನಾಲ್ಕನೆಯ ಪದಕ್ಕೆ ಒಳಗೆ ಬಂದು ಅವನ ಹಿಂದೆ ಕೂತು ತಾಳ ಎತ್ತಿಕೊಂಡಳು.

ಆಮೇಲಿನ ದಿನಗಳಲ್ಲಿ, ಅಂತಹವನು ಇನ್ನೊಬ್ಬ ಎಲ್ಲಾದರೂ ಇದ್ದನೇ ಎಂದು ಹುಡುಕಿದೆ. ಓದಿನಲ್ಲಿ ಸಿಕ್ಕಿದ. ನಮ್ಮ ದೇಶದವನಲ್ಲ, ಹೊಳೆಯ ದಂಡೆಯವನೂ ಅಲ್ಲ. ಲೆನರ್ಡ್ ಹಸ್ಸಿ ಎಂಬ ಹವಾಮಾನದ ವಿಜ್ಞಾನಿ, ಅರ್ನೆಸ್ಟ್ ಶಾಕಲ್ಟನ್ನನ ಜೊತೆ ಅಂಟಾರ್ಕ್ಟಿಕಾಕ್ಕೆ ಹೊರಟವನು. 1915ರ ಜನವರಿಯಲ್ಲಿ ಅವರ ಹಡಗು ಎಂಡ್ಯೂರೆನ್ಸ್ ವೆಡೆಲ್ ಸಮುದ್ರದ ಹಿಮದಲ್ಲಿ ಸಿಕ್ಕಿಬಿತ್ತು. ಅಕ್ಟೋಬರ್ ಹೊತ್ತಿಗೆ ಹಿಮ ಅದನ್ನು ಹಿಂಡಿ ಮುರಿಯಿತು. 28 ಜನ ಹಿಮದ ಹಾಸಿನ ಮೇಲೆ ಇಳಿದರು. ನಡೆದೇ ಹೋಗಬೇಕಾದ್ದರಿಂದ ತಲೆಗೆ 2 ಪೌಂಡಿಗಿಂತ ಹೆಚ್ಚು ಸ್ವಂತದ ಸಾಮಾನು ಬೇಡ ಎಂದ ಶಾಕಲ್ಟನ್, ತನ್ನ ಬಂಗಾರದ ನಾಣ್ಯಗಳನ್ನೇ ಮೊದಲು ಹಿಮಕ್ಕೆ ಎಸೆದ. ಹಸ್ಸಿಯ ಬ್ಯಾಂಜೋ 12 ಪೌಂಡ್ ತೂಗುತ್ತಿತ್ತು. ಅದನ್ನು ಬಿಡಬೇಡ, ಮನಸ್ಸಿಗೆ ಅದು ಔಷಧ ಎಂದು ಶಾಕಲ್ಟನ್ನನೇ ಹೇಳಿ ಹೊರಿಸಿದ. ಒಂದೊಂದು ತೊಲಕ್ಕೂ ಲೆಕ್ಕವಿದ್ದ ಕಡೆ ಐದೂವರೆ ಕಿಲೋ ಸಂಗೀತ!

ನಮ್ಮ ಪೇಟಿಯವನಿಗೆ ಇದನ್ನು ಓದಿ ಹೇಳಿದೆ. ಅವನು ಹೆಂಡತಿಯ ಕಡೆ ನೋಡಿದ.

ಹಿಮ ಒಡೆದ ಮೇಲೆ ಮೂರು ದೋಣಿಯಲ್ಲಿ ಅವರು ಎಲಿಫೆಂಟ್ ದ್ವೀಪ ಮುಟ್ಟಿದರು. 1916ರ ಏಪ್ರಿಲ್ 24ಕ್ಕೆ ಶಾಕಲ್ಟನ್ ಐದು ಜನರ ಜೊತೆ ಸಹಾಯ ಹುಡುಕಿಕೊಂಡು ಹೊರಟ. ಉಳಿದ 22 ಜನ ಎರಡು ದೋಣಿ ಬೋರಲು ಹಾಕಿ, ಅದರ ಕೆಳಗೆ ಹೊಗೆಯಲ್ಲಿ, ಸೀಲ್ ಪ್ರಾಣಿಯ ಕೊಬ್ಬಿನ ದೀಪದಲ್ಲಿ ನಾಲ್ಕು ತಿಂಗಳ ಮೇಲೆ ದಿನ ದೂಡಿದರು. ಸಹಾಯ ಬರುತ್ತದೋ ಇಲ್ಲವೋ, ಹೋದವರು ಬದುಕಿದ್ದಾರೋ ಇಲ್ಲವೋ, ಏನೂ ಗೊತ್ತಿಲ್ಲ. ಅಲ್ಲಿ ಹಿರಿಯನಾಗಿದ್ದ ಫ್ರಾಂಕ್ ವೈಲ್ಡ್ ಪ್ರತಿದಿನ ಬೆಳಗ್ಗೆ ಹಾಸಿಗೆ ಸುತ್ತಿರಿ, ದೊರೆ ಇವತ್ತು ಬರಬಹುದು ಎನ್ನುತ್ತಿದ್ದನಂತೆ. ಶನಿವಾರ ರಾತ್ರಿ ಬ್ಯಾಂಜೋ ಹಾಡಿನ ಕೂಟ. ಒಬ್ಬರ ಮೇಲೊಬ್ಬರು ಪದ ಕಟ್ಟಿ ಹಾಡುತ್ತಿದ್ದರು. ಒಬ್ಬನ ಹತ್ತಿರ ಅಗ್ಗದ ಅಡುಗೆ ಪುಸ್ತಕವೊಂದು ಉಳಿದಿತ್ತು. ರಾತ್ರಿ ಅದರಿಂದ ಒಂದು ಅಡುಗೆ ಓದುವುದು, ಎಲ್ಲರೂ ಅದರ ಮೇಲೆ ಚರ್ಚೆ ಮಾಡುವುದು. ಪೆಂಗ್ವಿನ್ ಮಾಂಸ ತಿಂದು ಮಲಗಿದವರು ಕಡುಬಿನ ಹದದ ಮೇಲೆ ವಾದ ಮಾಡಿದರು. ಆಗಸ್ಟ್ 30ಕ್ಕೆ ಚಿಲಿ ದೇಶದ ಯೆಲ್ಚೊ ಎಂಬ ಸಣ್ಣ ಹಡಗಿನಲ್ಲಿ ಶಾಕಲ್ಟನ್ ಬಂದಾಗ 22 ಜನರೂ ಜೀವಂತ ಇದ್ದರು.

ಬ್ಯಾಂಜೋ ಅವರನ್ನು ಬದುಕಿಸಿತು ಎಂದು ನಾನು ಹೇಳುವುದಿಲ್ಲ, ತಾಯಿ. ಸೀಲ್ ಮಾಂಸ ಬದುಕಿಸಿತು, ವೈಲ್ಡ್‌ನ ಶಿಸ್ತು ಬದುಕಿಸಿತು, ದೋಣಿ ನಡೆಸಿದವರ ಕೈ ಬದುಕಿಸಿತು. ಆದರೆ ನಾಳೆ ಎದ್ದು ಹಾಸಿಗೆ ಸುತ್ತಬೇಕು ಎಂದು ಮನುಷ್ಯನಿಗೆ ಅನ್ನಿಸಬೇಕಲ್ಲ, ಅದಕ್ಕೆ ಶನಿವಾರ ಎನ್ನುವುದೊಂದು ಇರಬೇಕು.

ಶನಿವಾರ ಇಲ್ಲದ ದಿನಗಳನ್ನು ನಾವು ಕಂಡದ್ದು ಶೆಡ್ಡಿಗೆ ಹೋದ ಮೇಲೆ. ಹೊಳೆ ಒಂದು ವಾರದಲ್ಲಿ ಇಳಿಯಿತು, ಗಂಜಿ ಕೇಂದ್ರ ಮುಗಿಯಿತು, ಫೋಟೋ ತೆಗೆಯುವವರು ಬರುವುದು ನಿಂತಿತು. ಅದರ ಮುಂದೆ ತಗಡಿನ ಶೆಡ್ಡು. ಮಧ್ಯಾಹ್ನ ಕಾದ ಹಂಚು, ರಾತ್ರಿ ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳಿಸದಷ್ಟು ಸದ್ದು. ಹೊಲದ ಮೇಲೆ ಮೊಣಕಾಲುದ್ದ ರವದಿ. ಸರ್ವೆ, ಪಂಚನಾಮೆ, ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ಎಂದು ತಿರುಗುವ ಕಾಲು. ಒಂದು ಕಚೇರಿಯ ಕಟ್ಟೆಯ ಮೇಲೆ ಕೂತು ಕೂತು ಎದ್ದು ಬಂದವರನ್ನು ನೋಡಿದ್ದೇನೆ, ಅವರ ಮುಖದಲ್ಲಿ ದುಃಖವೂ ಉಳಿದಿರಲಿಲ್ಲ. ಬರೀ ಬೇಸರ. ದುಃಖಕ್ಕೆ ಜನ ಬಂದು ಕೈ ಹಿಡಿಯುತ್ತಾರೆ. ಬೇಸರಕ್ಕೆ ಯಾರೂ ಬರುವುದಿಲ್ಲ. ಅದು ಗೆದ್ದಲಿನ ಹಾಗೆ ಒಳಗಿಂದ ತಿನ್ನುತ್ತದೆ, ಮೇಲಿನ ಮಣ್ಣು ಉದುರಿದಾಗಲೇ ಗೊತ್ತಾಗುವುದು.

ಗಂಡಸರು ಇಸ್ಪೀಟಿಗೆ ಕೂತರು. ಮೊದಲು ಹೊತ್ತು ಕಳೆಯಲಿಕ್ಕೆ, ಆಮೇಲೆ ರೊಕ್ಕಕ್ಕೆ. ಪರಿಹಾರದ ಹಣ ಬಂದ ವಾರ ಎರಡು ಮನೆಯ ಹಣ ಎಲೆಯ ಮೇಲೆ ಹೋಯಿತು, ಇನ್ನಷ್ಟು ಬಾಟಲಿಗೆ. ಆಟವೆಲ್ಲ ಒಳ್ಳೆಯದು ಎಂದು ನಿನ್ನ ಮುಂದೆ ಸುಳ್ಳು ಹೇಳಲಾರೆ. ಚೌಕಾಬಾರವೂ ಪಗಡೆಯ ಒಕ್ಕಲೇ, ಪಗಡೆ ಏನು ಮಾಡಿತು ಎಂಬುದು ಲೋಕಕ್ಕೇ ಗೊತ್ತು.

ಆದರೆ ಪಗಡೆಯಲ್ಲಿ ಸೋತು ಕಾಡಿಗೆ ಹೋದ ಧರ್ಮರಾಯನ ಕಥೆಯಲ್ಲೇ ಇನ್ನೊಂದು ಮಾತಿದೆ. ಹನ್ನೆರಡು ವರ್ಷದ ವನವಾಸ. ಹೊಟ್ಟೆಗೆ ಚಿಂತೆ ಇರಲಿಲ್ಲ, ಸೂರ್ಯ ಅಕ್ಷಯಪಾತ್ರೆ ಕೊಟ್ಟಿದ್ದ. ಹಾಗಿದ್ದೂ ಅವನು ಕುಸಿದು ಕೂತ, ನನ್ನಂಥ ದುಃಖಿ ಲೋಕದಲ್ಲಿ ಇದ್ದಾನೆಯೇ ಎಂದು. ಆಗ ಬೃಹದಶ್ವ ಋಷಿ ಅವನಿಗೆ ಉಪದೇಶ ಮಾಡಲಿಲ್ಲ, ನಳನ ಕಥೆ ಹೇಳಿದ. ಜೂಜಿನಲ್ಲಿ ಸೋತವನಿಗೆ ಜೂಜಿನಲ್ಲಿ ಸೋತ ಇನ್ನೊಬ್ಬನ ಕಥೆ. ಕೊನೆಗೆ ದಾಳದ ಮರ್ಮವನ್ನೂ ಕಲಿಸಿಕೊಟ್ಟ. ಮಹಾಭಾರತದ ವನಪರ್ವ ಇಷ್ಟು ಉದ್ದ ಯಾಕೆ, ಎಷ್ಟು ಕಥೆ, ಎಷ್ಟು ಉಪಕಥೆ ಎಂದು ಕಾಲೇಜಿನಲ್ಲಿ ಓದುವಾಗ ನನಗೆ ಬೇಸರ ಬರುತ್ತಿತ್ತು. ಶೆಡ್ಡಿನ ಸಾಲು ನೋಡಿದ ಮೇಲೆ ಅರ್ಥವಾಯಿತು. ಹನ್ನೆರಡು ವರ್ಷ ಕಳೆಯಬೇಕಲ್ಲ, ಅಷ್ಟು ಕಥೆ ಬೇಕು.

ಹೆಣ್ಣುಮಕ್ಕಳು ಬೇಗ ಎದ್ದರು. ಪಟ್ಟಣದಿಂದ ಲಾರಿಗಟ್ಟಲೆ ಹಳೆಯ ಸೀರೆ ಬಂದಿದ್ದವು, ಉಡಲಿಕ್ಕೆ ಬರುವವು ಕಡಿಮೆ. ಮುದುಕಿ ಅವನ್ನು ಹರಿದು, ತುಂಡು ಜೋಡಿಸಿ ಕೌದಿಗೆ ಹಾಕಿದಳು. ಒಂದು ಕೌದಿಗೆ ನಾಲ್ಕು ಜನ, ನಾಲ್ಕು ಮೂಲೆ. ಸೂಜಿ ನಡೆದ ಹಾಗೆ ಪದ ನಡೆಯಿತು, ಒಗಟು ನಡೆಯಿತು, ಅತ್ತೆ ಸೊಸೆಯ ಮಾತು ನಡೆಯಿತು. ಕಂಡವರ ಸೀರೆಯ ಬಣ್ಣಗಳೆಲ್ಲ ಒಂದೇ ಹೊದಿಕೆಗೆ ಬಂದವು. ಭಾದ್ರಪದದಲ್ಲಿ ಜೋಕುಮಾರನ ಬುಟ್ಟಿ ಹೊತ್ತ ಹೆಂಗಸರು ಶೆಡ್ಡಿನ ಸಾಲಿಗೂ ಬಂದರು. ಮನೆಯೇ ಇಲ್ಲ, ಬಾಗಿಲಿಗೆ ಬಂದು ಏನು ಹಾಡುತ್ತಾರೆ ಎಂದುಕೊಂಡಿದ್ದೆ. ಒಂದೊಂದು ತಗಡಿನ ಮುಂದೂ ಬುಟ್ಟಿ ಇಳಿಸಿ ಹಾಡಿದರು. ಇವರು ಮೊರದಲ್ಲಿ ಜೋಳದ ಬದಲು ಪರಿಹಾರದ ಅಕ್ಕಿ ಹಾಕಿ ಕೊಟ್ಟರು. ಆ ದಿನ ಮೊದಲ ಸಲ ಶೆಡ್ಡಿನ ಮುಂದೆ ಸಾರಿಸಿದ ನೆಲ, ರಂಗೋಲಿ ಕಂಡೆ. ಬುಟ್ಟಿ ಬಾಗಿಲಿಗೆ ಬಂದರೆ ಅದು ಮನೆಯಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನವರು ಇದನ್ನೆಲ್ಲ ಮೊದಲೇ ಬರೆದಿಟ್ಟಿದ್ದಾರೆ ಎಂದು ತರಬೇತಿಯೊಂದರಲ್ಲಿ ತಿಳಿಯಿತು. ಭೋಪಾಲ, ಒಡಿಶಾದ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಎಲ್ಲ ಕಡೆ ಹೋಗಿ ಕೆಲಸ ಮಾಡಿದವರು ಅವರು. ನೊಂದವರ ಮಾತು ಕಿವಿಗೊಟ್ಟು ಕೇಳಿ ಎನ್ನುತ್ತಾರೆ. ಅದರ ಜೊತೆಗೆ ಮನಸ್ಸನ್ನು ಹೊರಗಿನ ಕೆಲಸಕ್ಕೆ ಹಚ್ಚುವುದು, ಮನರಂಜನೆ, ಅವರವರ ದೇವರು ದಿಂಡರು, ಇವೂ ಆರೈಕೆಯೇ ಎನ್ನುತ್ತಾರೆ. ನನಗೆ ಅಳು ಬಂತು. ನಮ್ಮ ಮುದುಕಿ ಆ ಪಾಠವನ್ನು ಒಂದು ಚಾಕ್‌ಪೀಸ್ ಕೇಳುವುದರಲ್ಲಿ ಮುಗಿಸಿದ್ದಳು.

ಇನ್ನೊಂದು ಹೇಳಿ ಮುಗಿಸುತ್ತೇನೆ, ಪಾಳಿ ಕಂಬದ ಹತ್ತಿರ ಬಂತು. 2023ರ ದೀಪಾವಳಿಯ ಬೆಳಗ್ಗೆ, ನವೆಂಬರ್ 12ಕ್ಕೆ, ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಕೂಲಿಕಾರರು ಒಳಗೆ ಉಳಿದರು. ಮೊದಲ ದಿನಗಳಲ್ಲಿ ನಾಲ್ಕಿಂಚಿನ ಕೊಳವೆಯಲ್ಲಿ ಚುರಮರಿ, ಒಣ ತಿನಿಸು ಕಳಿಸುತ್ತಿದ್ದರು. ತರಗತಿಯಲ್ಲಿ ಮಕ್ಕಳಿಗೆ ಪೇಪರ್ ಓದಿ ಹೇಳಿದೆ. ಏನು ಉಣ್ಣುತ್ತಾರೆ, ಗಾಳಿ ಹೇಗೆ, ಎಂದು ಕೇಳಿದರು. ನಾಲ್ಕನೇತ್ತೆಯ ಒಬ್ಬ ಹುಡುಗ, 2019ರಲ್ಲಿ ಐದು ವರ್ಷದವನಾಗಿ ನಮ್ಮ ಗಂಜಿ ಕೇಂದ್ರದಲ್ಲಿ ಮಲಗಿದ್ದವನು, ಎದ್ದು ನಿಂತು ಕೇಳಿದ: “ಟೀಚರ್, ಒಳಗ ಅವರು ಏನ ಆಟ ಆಡತಾರ?”

ಉತ್ತರ ನನ್ನ ಹತ್ತಿರ ಇರಲಿಲ್ಲ. 17 ದಿನದ ಮೇಲೆ, ನವೆಂಬರ್ 28ಕ್ಕೆ, ಇಲಿಬಿಲ ಕೊರೆಯುವ ಕಾರ್ಮಿಕರು ಕೈಯಿಂದಲೇ ಕೊನೆಯ ಮಣ್ಣು ಬಗೆದು 41 ಜನರನ್ನೂ ಹೊರತಂದ ಮೇಲೆ ಓದಿದೆ. ಅವರು ಸುರಂಗದಲ್ಲಿ ವಾಕಿಂಗ್ ಮಾಡಿದರು, ಯೋಗ ಮಾಡಿದರು, ಚೀಟಿ ಬರೆದು ರಾಜ, ಮಂತ್ರಿ, ಕಳ್ಳ, ಸಿಪಾಯಿ ಆಡಿದರು. ಹೊರಗಿನಿಂದ ಲೂಡೊ, ಇಸ್ಪೀಟಿನ ಎಲೆ ಕಳಿಸುವ ಏರ್ಪಾಟನ್ನೂ ವೈದ್ಯರು ಮಾಡಿದ್ದರು. ಹುಡುಗನನ್ನು ಕರೆದು ಹೇಳಿದೆ. “ನಾವು ರಾಜಾ ರಾಣಿ ಆಡತೀವಲ್ರಿ, ಅದ” ಎಂದು ಖುಷಿಯಿಂದ ಗೆಳೆಯರಿಗೆ ಹೇಳಲಿಕ್ಕೆ ಓಡಿದ.

ಅವತ್ತೇ ಸಂಜೆ ಈ ಪೆಟ್ಟಿಗೆ ಕೊಂಡೆ.

ಒಳಗೆ ಏನಿದೆ ಎಂದರೆ, ಹುಣಸೆಬೀಜ ಇದೆ, ಅದೇ ಮೆಟ್ಟಿಲಿಗೆ ಮಕ್ಕಳು ತೇಯ್ದದ್ದು, ಹತ್ತು ಗಂಟು. ಚಾಕ್‌ಪೀಸ್ ಇದೆ. ಜೋಕಾಲಿಗೆ ತಡೆಯುವ ದಪ್ಪ ಹಗ್ಗ ಇದೆ. ಗಂಜಿ ಕೇಂದ್ರದ ದಿನಗಳಲ್ಲಿ ಲಾರಿಯವನು ತಾಡಪಾಲಿನ ಹಗ್ಗ ಬಿಚ್ಚಿ ಕೊಟ್ಟಿದ್ದ, ಶಾಲೆಯ ಬೇವಿಗೆ ಕಟ್ಟಿದಾಗ ತವರಿಗೆ ಬಂದ ಆ ಹೆಣ್ಣುಮಕ್ಕಳು ನೀರಿಗೆ ಬೆನ್ನು ಮಾಡಿ ಕೂತು ಜೀಕಿದರು. ಅದು ಮರೆಯಬಾರದು ಎಂದು ಹಗ್ಗ. ಒಂದು ಜೊತೆ ತಾಳ. ಚೀಟಿಗೆ ಹಾಳೆ, ಪೆನ್ಸಿಲ್. ಕೌದಿಗೆ ಸೂಜಿ, ನೂಲಿನ ಉಂಡೆ. ಎರಡು ಬುಗುರಿ. ಮತ್ತೆ ಒಂದು ನೋಟುಬುಕ್, ಮುದುಕಿ ಹೇಳಿದ ಒಗಟು, ಬೀಸುಕಲ್ಲಿನ ಪದ, ಐದು ಕಥೆ, ಹುಡುಗಿಯರ ದುಂಡಗಿನ ಅಕ್ಷರದಲ್ಲಿ. ಇಸ್ಪೀಟು ಇಟ್ಟಿಲ್ಲ. ತಪ್ಪೋ ಸರಿಯೋ ನೀನೇ ಹೇಳು.

ಈಗ ಬೇಡಿಕೆ. ಹೊಳೆ ಬರಬಾರದು ಎಂದು ಬೇಡುವುದಿಲ್ಲ. 2009ರಲ್ಲಿ ಬಂದಳು, 2019ರಲ್ಲಿ ಬಂದಳು, ಅವಳ ದಾರಿಯಲ್ಲಿ ನಾವು ಮನೆ ಕಟ್ಟಿಕೊಂಡಿದ್ದೇವೆ. ಬಂದಾಗ ಬಾಗಿಲಲ್ಲಿ ನಿಂತು ಪಟ್ಟಿ ಬರೆಯುವ ಕೈಗೆ, ಅದು ನನ್ನದಾಗಲಿ ಬೇರೆಯವರದಾಗಲಿ, ಅಕ್ಕಿ ಬೇಳೆ ಔಷಧ ಬರೆದ ಮೇಲೆ ಕೆಳಗೆ ಇನ್ನೊಂದು ಸಾಲು ಬರೆಯುವ ಬುದ್ಧಿ ಕೊಡು. ಗಂಜಿ ಕೇಂದ್ರದಲ್ಲಿ ನಕ್ಕವರನ್ನು ನೋಡಿ ಯಾರೂ ಬಾಯಿ ಮಾಡದಂತೆ ನೋಡಿಕೋ. ಹಾಡುವವರ ಗಂಟಲು, ಕಥೆ ಹೇಳುವವರ ನೆನಪು ಕಾಪಾಡು. ಪೇಟಿಯವನಿಗೆ ಆ ಮೂರು ಸ್ವರ ರಿಪೇರಿ ಮಾಡಿಸಲಿಕ್ಕೆ ಈ ಸುಗ್ಗಿಯಲ್ಲಾದರೂ ನಾಲ್ಕು ಕಾಸು ಉಳಿಯಲಿ. ಶೆಡ್ಡಿನಲ್ಲಿ, ಯಾರದೋ ಊರಿನ ಡೇರೆಯಲ್ಲಿ, ಯಾವುದೋ ದೇಶದ ನೆಲಮಾಳಿಗೆಯಲ್ಲಿ ಕೂತು ದಿನ ಎಣಿಸುತ್ತಿರುವವರಿಗೆ ವಾರಕ್ಕೊಂದು ಶನಿವಾರ ಕೊಡು.

ನನ್ನ ಕಾಲಿನ ತಪ್ಪನ್ನು ಹೊಟ್ಟೆಗೆ ಹಾಕಿಕೋ.

ಇಕೋ, ಗರ್ಭಗುಡಿಯ ಹೊಸ್ತಿಲು ಬಂತು. ಪೆಟ್ಟಿಗೆಯ ಮುಚ್ಚಳ ತೆಗೆದಿದ್ದೇನೆ. ನೋಡು, ಪೂಜಾರರು ಕೇಳಲೇ ಇಲ್ಲ, ಹುಣಸೆಬೀಜ ಕಂಡು ತಾವೇ ಒಂದು ಕೈಗೆತ್ತಿಕೊಂಡು ಸವರಿ ನೋಡುತ್ತಿದ್ದಾರೆ. ಮುದುಕಿ ಹೊರಗೆ ಹೊಂಡದ ಮೆಟ್ಟಿಲ ಮೇಲೆ ಕೂತಿದ್ದಾಳೆ, ಕಾಲು ನೋಯುತ್ತವೆ, ಪಾಳಿ ನಿಲ್ಲಲಾರಳು. ಆಕೆಯ ಕಾಯಿಯೂ ಇದರಲ್ಲೇ ಇದೆ, ಒಡೆಸಿಕೊಳ್ಳುತ್ತೇನೆ. ರಾತ್ರಿಯ ಮೊದಲಾಟಕ್ಕೆ ಎರಡು ಟಿಕೀಟು ತೆಗೆಸಿದ್ದೇನೆ. ಆಕೆಗೆ ಈಚೆಗೆ ಕಣ್ಣು ಮಂಜು, ಮುಂದಿನ ಸಾಲೇ ಬೇಕು.